ಚಪಾತಿ ಕೈಗೆ ಆಪಲ್ ಪೈ ಸಿಕ್ಕಾಗ

ಮೈದಾಹಿಟ್ಟು ಕಂಡರೆ ನಮ್ಮ ಕೈ ಸುಮ್ಮನಿರುವುದಿಲ್ಲ, ನಾದಲು ಹೊರಡುತ್ತದೆ. ಹೋಳಿಗೆಯ ಕಣಕ ನಾದಿದಷ್ಟೂ ಒಳ್ಳೆಯದು ಎಂದು ಪಳಗಿದ ಕೈ ಅದು. ಹಿಟ್ಟಿನ ತಳಕ್ಕೆ ಸೇಬು ತುಂಬಿ, ಹಿಟ್ಟಿನದೇ ಮುಚ್ಚಳ ಹಾಕಿ ಓವನ್‌ನಲ್ಲಿ ಬೇಯಿಸುವ ಆಪಲ್ ಪೈಗೆ ಮನೆಯಲ್ಲಿ ಆಗುವ ಅನಾಹುತಗಳಲ್ಲಿ ಮುಕ್ಕಾಲು ಪಾಲು ಈ ಕೈಯದೇ. ಬೈಗುಳ ಮಾತ್ರ ಓವನ್‌ಗೆ.

ಒಂಬತ್ತು ಇಂಚಿನ ತಟ್ಟೆಗೆ, ತಳಕ್ಕೂ ಮುಚ್ಚಳಕ್ಕೂ ಸೇರಿ, 300 ಗ್ರಾಂ ಮೈದಾ, 200 ಗ್ರಾಂ ಬೆಣ್ಣೆ, ಅರ್ಧ ಚಮಚ ಉಪ್ಪು, ಐದಾರು ದೊಡ್ಡ ಚಮಚ ಐಸ್ ನೀರು ಬೇಕು. ಅಂಗಡಿಯ ಉಪ್ಪು ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರಿನಂಶ ಹೆಚ್ಚು, ಹಾಗಾಗಿ ಐಸ್ ನೀರಿಗೆ ಕೈ ಬಿಗಿ ಹಿಡಿಯಿರಿ. ಬೆಣ್ಣೆ ಫ್ರಿಜ್‌ನಿಂದ ಆಗತಾನೇ ಇಳಿದಿರಬೇಕು. ತುಂಡು ಮಾಡಿ ಹಿಟ್ಟಿಗೆ ಹಾಕಿ, ಬೆರಳ ತುದಿಯಲ್ಲಷ್ಟೇ ಉಜ್ಜಬೇಕು. ಅಂಗೈ ಬಿಸಿ, ಅದು ಪಾತ್ರೆಯೊಳಗೆ ಇಳಿಯಬಾರದು. ಅಲ್ಲಲ್ಲಿ ಬಟಾಣಿ ಗಾತ್ರದ ಚೂರುಗಳು ಉಳಿದಿರುವಾಗಲೇ ನಿಲ್ಲಿಸಿ. ಓವನ್‌ನಲ್ಲಿ ಆ ಚೂರುಗಳು ಕರಗಿ, ಅವುಗಳ ನೀರು ಆವಿಯಾಗಿ ಪದರ ಎಬ್ಬಿಸುತ್ತದೆ. ಬೆಣ್ಣೆ ಕರಗುವುದು 30-35 ಡಿಗ್ರಿಯ ಆಸುಪಾಸಿನಲ್ಲಿ. ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ಅಡುಗೆಮನೆಯ ಶಾಖವೇ ಅಷ್ಟಿರುತ್ತದೆ. ಅಲ್ಲಿ ಪಾತ್ರೆ, ಹಿಟ್ಟು, ಬೆಣ್ಣೆ ಮೂರನ್ನೂ ಅರ್ಧ ಗಂಟೆ ಫ್ರೀಜರ್‌ಗೆ ತಳ್ಳಿ, ಬೆಳಗಿನ ಜಾವವೇ ಕೆಲಸ ಮುಗಿಸುವುದು ವಾಸಿ.

ನೀರು ಚಿಮುಕಿಸಿ ಮುದ್ದೆಗೂಡಿಸಿದ ಹಿಟ್ಟು ನೋಡಲು ಒರಟೊರಟು, ಅಂಚೆಲ್ಲ ಬಿರುಕು. ಅಷ್ಟರಲ್ಲಿ ಹಿರಿಯರೊಬ್ಬರು ಒಳಗೆ ಬರುತ್ತಾರೆ. “ಇದೇನೇ, ಹಿಟ್ಟು ಹದಕ್ಕೇ ಬಂದಿಲ್ಲ!” ಎಂದು ನಾಲ್ಕು ಸಲ ಅದುಮಿ, ನುಣ್ಣಗೆ ಮಾಡಿ, ಉಪಕಾರ ಮಾಡಿದ ಮುಖದಲ್ಲಿ ಹೊರಡುತ್ತಾರೆ. ಮೈದಾದ ಗ್ಲುಟನ್, ಅಂದರೆ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್, ಆ ನಾಲ್ಕು ಅದುಮಿಗೇ ರಬ್ಬರಾಗುತ್ತದೆ. ಆಮೇಲೆ ಎಷ್ಟು ಲಟ್ಟಿಸಿದರೂ ಹಿಂದಕ್ಕೆ ಸೇದುತ್ತದೆ. ಓವನ್‌ನಲ್ಲಿ ಅಂಚು ತಟ್ಟೆಯ ಗೋಡೆ ಬಿಟ್ಟು ಕೆಳಗೆ ಜಾರಿ ಕೂರುತ್ತದೆ. ಪರಿಹಾರ: ಹಿಟ್ಟನ್ನು ಎರಡು ಪಾಲು ಮಾಡಿ, ಸುತ್ತಿ, ಒಂದು ಗಂಟೆ ಫ್ರಿಜ್‌ನಲ್ಲಿಡಿ. ಹಿರಿಯರನ್ನು ಟೀವಿ ಮುಂದೆ ಕೂರಿಸಿ.

ಲಟ್ಟಿಸಲು ಚಪಾತಿ ಮಣೆ ಸಾಲದು. ಹನ್ನೆರಡು ಇಂಚಿನ ವೃತ್ತ, ಮೂರು ಮಿಲಿಮೀಟರ್ ದಪ್ಪ ಬೇಕು. ಗ್ರಾನೈಟ್ ಕಟ್ಟೆಯೇ ಸರಿ, ತಣ್ಣಗೂ ಇರುತ್ತದೆ.

ಸೇಬಿನ ವಿಷಯದಲ್ಲಿ ಅಂದಕ್ಕೆ ಮರುಳಾಗಬೇಡಿ. ಕಡುಗೆಂಪು ಡೆಲಿಷಿಯಸ್ ಸೇಬು ಓವನ್‌ನಲ್ಲಿ ಗೊಜ್ಜಾಗುತ್ತದೆ. ಹುಳಿ ಹಸಿರು ಸೇಬು ಗಟ್ಟಿಯಾಗಿ ನಿಲ್ಲುತ್ತದೆ. ಒಂದು ಕಿಲೋ ಹಣ್ಣನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ, 100 ಗ್ರಾಂ ಸಕ್ಕರೆ, ಒಂದು ಚಮಚ ಚಕ್ಕೆ ಪುಡಿ, ಅರ್ಧ ನಿಂಬೆಯ ರಸ ಬೆರೆಸಿ ಅರ್ಧ ಗಂಟೆ ಬಿಡಿ. ತಟ್ಟೆಗೆ ಹೋಗಬೇಕಿದ್ದ ನೀರೆಲ್ಲ ಪಾತ್ರೆಯಲ್ಲೇ ಇಳಿಯುತ್ತದೆ. ಆ ರಸ ಬಸಿದು, ಕುದಿಸಿ, ಪಾಕದಷ್ಟು ಗಟ್ಟಿ ಮಾಡಿ, ಆರಿದ ಮೇಲೆ ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಜೊತೆ ಹಣ್ಣಿಗೆ ಸೇರಿಸಿ. ಇದನ್ನು ಬಿಟ್ಟವರ ಪೈ ತಳ ಹಸಿ ಹಿಟ್ಟಾಗಿಯೇ ಉಳಿಯುತ್ತದೆ. ಮುಚ್ಚಳದಲ್ಲಿ ನಾಲ್ಕೈದು ಸೀಳು ಹಾಕಲು ಮರೆತವರಿಗೆ ಆವಿ ತಾನೇ ದಾರಿ ಮಾಡಿಕೊಳ್ಳುತ್ತದೆ, ಸಾಮಾನ್ಯವಾಗಿ ನೆಂಟರಿಗೆ ಕಾಣುವ ಕಡೆಯೇ.

ಓಟಿಜಿಯಲ್ಲಿ (ಮೇಲೂ ಕೆಳಗೂ ಕಾಯುವ ರಾಡ್‌ಗಳಿರುವ ಪುಟ್ಟ ವಿದ್ಯುತ್ ಓವನ್) ಕೆಳಗಿನ ರಾಡ್ ಉರಿಯುತ್ತಿದೆಯೇ ನೋಡಿ. ಒಂದು ಟ್ರೇಯನ್ನು 220 ಡಿಗ್ರಿಗೆ ಮೊದಲೇ ಕಾಯಿಸಿ, ಅದರ ಮೇಲೆ ಪೈ ಇಡಿ. ಇಪ್ಪತ್ತು ನಿಮಿಷದ ನಂತರ 180ಕ್ಕೆ ಇಳಿಸಿ, ಸುಮಾರು ನಲವತ್ತು ನಿಮಿಷ. ಗಡಿಯಾರಕ್ಕಿಂತ ಸೀಳುಗಳನ್ನು ನಂಬಿ: ಅಲ್ಲಿ ರಸ ಕೊತಕೊತ ಕುದಿಯದಿದ್ದರೆ ಕಾರ್ನ್‌ಫ್ಲೋರ್ ಬೆಂದಿಲ್ಲ.

ಮುಚ್ಚಳವಿಲ್ಲದ ಟಾರ್ಟ್ ಮಾಡುವವರು ಖಾಲಿ ತಳವನ್ನು ಮೊದಲೇ ಬೇಯಿಸುವಾಗ, ಉಬ್ಬದಿರಲೆಂದು ಬೇಕಿಂಗ್ ಕಾಗದ ಹಾಸಿ ಕಡಲೆಕಾಳು ಹರಡುತ್ತಾರೆ. ಆ ಕಾಳಿನ ಡಬ್ಬಿಗೆ ಚೀಟಿ ಅಂಟಿಸಿ. ಇಲ್ಲವಾದರೆ ಯಾರೋ ಅದನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಉಸಲಿಗೆಂದು ಕುಕ್ಕರ್‌ಗೆ ಇಟ್ಟು, ಎಂಟು ವಿಷಲ್ ಆದರೂ ಬೇಯದ ಕಾಳು ಕೊಟ್ಟ ಅಂಗಡಿಯವನಿಗೆ ಹಿಡಿಶಾಪ ಹಾಕುತ್ತಾರೆ.

ಪೈ ಹೊರಬಂದ ಮೇಲೆ ಮೂರು ಗಂಟೆ ಮುಟ್ಟಬಾರದು. ಒಳಗಿನ ರಸ ಗಟ್ಟಿಯಾಗುವುದು ಆರಿದ ಮೇಲೆಯೇ. ಆದರೆ ಏನಿದ್ದರೂ ಬಿಸಿಬಿಸಿ ತಿನ್ನಬೇಕೆನ್ನುವ ಮನೆಗಳಲ್ಲಿ ಇದು ನಡೆಯುವ ಮಾತಲ್ಲ. ಹತ್ತನೇ ನಿಮಿಷಕ್ಕೆ ಚಾಕು ಇಳಿಯುತ್ತದೆ, ಸೇಬೆಲ್ಲ ತಟ್ಟೆ ತುಂಬ ಹರಿಯುತ್ತದೆ. ಆಗ ಬಟ್ಟಲಿಗೆ ಬಡಿಸಿ, ಮೇಲೊಂದು ಉಂಡೆ ವೆನಿಲಾ ಐಸ್‌ಕ್ರೀಮ್ ಇಟ್ಟು, ಚಮಚ ಕೊಟ್ಟುಬಿಡಿ. ಪೈ ಅಂತ ಮಾತ್ರ ಹೇಳಬೇಡಿ.