ಆರು ಗಂಟೆ ಎಲ್ಲಿ ಸಾಕಾಗುತ್ತದೆ?

ಮೂರು ಕಿಲೋ ಹಂದಿಯ ಭುಜದ ಮಾಂಸ ಆರು ಗಂಟೆಯ ಹೊಗೆಯಲ್ಲಿ ಹದವಾಗುತ್ತದೆ ಎಂದು ಹೊಗೆಯಲ್ಲಿ ಮಾಂಸ ಬೇಯಿಸುವ ಕುರಿತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅದನ್ನೇ ನಂಬಿ ಕಳೆದ ಭಾನುವಾರ ಮಂಗಳೂರಿನ ಬೆಂದೂರಿನ ನಮ್ಮ ಹಿತ್ತಲಿನಲ್ಲಿ ಮೊದಲ ಸಲ ಕೈ ಹಾಕಿದೆ. ಮಧ್ಯಾಹ್ನದ ಊಟಕ್ಕೆ ಬಂದ ನೆಂಟರು ಮಾಂಸದ ಮುಖ ಕಂಡದ್ದು ರಾತ್ರಿ ಒಂಬತ್ತಕ್ಕೆ.

ಹೊಗೆ ಹಾಕುವ ಡ್ರಮ್ಮಿನ ಬಿಸಿ 110 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಇತ್ತು. ಆದರೆ ಮಾಂಸದ ಒಳಗಿನ ಬಿಸಿ 70ರ ಹತ್ತಿರ ಬಂದು ಮೂರು ಗಂಟೆ ಕದಲಲಿಲ್ಲ. ಥರ್ಮಾಮೀಟರ್ ಕೆಟ್ಟಿತೆಂದು ಕುದಿಯುವ ನೀರಿಗೆ ಅದ್ದಿಯೂ ನೋಡಿದೆ; ಸರಿಯಾಗಿಯೇ ಇತ್ತು. ನಾವು ಬೆವರಿದಾಗ ಮೈ ತಣ್ಣಗಾಗುವಂತೆ, ಮಾಂಸದ ಮೇಲ್ಮೈಯಿಂದ ಆವಿಯಾಗುವ ನೀರು ಶಾಖವನ್ನೆಲ್ಲ ಕೊಂಡೊಯ್ಯುತ್ತದೆ. ಈ ಹಂತದ ಬಗ್ಗೆ ಒಂದು ಸಾಲನ್ನಾದರೂ ಬರೆಯಬೇಕಿತ್ತು. ಬಾಳೆಎಲೆ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿದ ಬಳಿಕವೇ ಬಿಸಿ ಏರತೊಡಗಿತು. 63 ಡಿಗ್ರಿ ದಾಟಿದರೆ ತಿನ್ನಲು ಸುರಕ್ಷಿತ, ನಿಜ. ಆದರೆ ಭುಜದ ಮಾಂಸದಲ್ಲಿರುವ ಕೊಲಾಜೆನ್ ಎಂಬ ಗಟ್ಟಿ ಪ್ರೋಟೀನು ಕರಗಿ ಎಳೆಎಳೆಯಾಗಿ ಬಿಡಿಸಿಕೊಳ್ಳಲು 93ರಿಂದ 95 ಬೇಕು.

ಅಮೆರಿಕದ ಹಿಕರಿ ಮರದ ಸೌದೆಯೇ ಆಗಬೇಕೆಂದಿದ್ದೀರಿ. ಮಂಗಳೂರಿನಲ್ಲಿ ಅದನ್ನು ಎಲ್ಲಿಂದ ತರುವುದು? ತೆಂಗಿನ ಗೆರಟೆಯ ಇದ್ದಿಲಿನ ಮೇಲೆ ಒಣಗಿದ ಮಾವಿನ ಕಟ್ಟಿಗೆ ಇಟ್ಟೆ, ಸುವಾಸನೆ ಚೆನ್ನಾಗಿಯೇ ಬಂತು. ನಡುವೆ ಹಸಿ ತೆಂಗಿನ ಸಿಪ್ಪೆ ಹಾಕಿ ದಟ್ಟ ಬಿಳಿ ಹೊಗೆ ಎಬ್ಬಿಸಿದ್ದು ಮಾತ್ರ ನನ್ನದೇ ಪೆದ್ದುತನ; ಮೇಲ್ಪದರ ಕೊಂಚ ಕಹಿಯಾಯಿತು.

ಹಿಂದಿನ ರಾತ್ರಿ ಸವರಿದ್ದು ಉಪ್ಪು ಮತ್ತು ಮನೆಯ ಬಫಾತ್ ಮಸಾಲೆ ಪುಡಿ ಅಷ್ಟೇ. "ದುಕ್ರಾಮಾಸ್ (ಹಂದಿ ಮಾಂಸದ ಸಾರು) ಮಾಡಿದ್ದರೆ ಈ ಹೊತ್ತಿಗೆ ಪಾತ್ರೆ ತೊಳೆದು ಮಲಗಬಹುದಿತ್ತು" ಎಂದು ಅಮ್ಮ ಗೊಣಗುತ್ತಲೇ ಇದ್ದರು. ಇಡ್ಲಿಯಂಥ ಸಾನ್ನಾಂ ಜೊತೆ ಎರಡನೆಯ ಸಲ ಬಡಿಸಿಕೊಂಡವರೂ ಅವರೇ.