ಎಲ್ಲಾ ಚೈನೂ ಒಂದೇ ಅಂತೆ!

ತುಮಕೂರಿನಲ್ಲಿ ಸೈಕಲ್ ಅಂಗಡಿಗಳಿಗೇನೂ ಕೊರತೆ ಇಲ್ಲ. ಆದರೆ ಫಿಕ್ಸೆಡ್ ಗೇರ್ ಸೈಕಲ್ಲಿಗೆ, ಅಂದರೆ ಒಂದೇ ಗೇರಿದ್ದು ಚಕ್ರದ ಜೊತೆಗೇ ಪೆಡಲೂ ತಿರುಗುವ ಸೈಕಲ್ಲಿಗೆ, ಚೈನ್ ಕೇಳಿ ನೋಡಿ. "ಎಲ್ಲಾ ಒಂದೇ ಸಾರ್, ಹಾಕ್ಬಿಡ್ತೀನಿ."

ಎಲ್ಲಿ ಒಂದೇ? ಪಿನ್ನಿಂದ ಪಿನ್ನಿಗೆ ಅರ್ಧ ಇಂಚು, ಅದು ಒಂದೇ, ಒಪ್ಪಿದೆ. ಒಳಗಿನ ಅಗಲ? ಆರೇಳು ಗೇರಿನ ಸೈಕಲ್ಲಿನ ಚೈನ್ 3/32 ಇಂಚು. ನನ್ನ ಸೈಕಲ್ಲಿನ ಹಲ್ಲು 1/8 ಇಂಚಿನದು. ಅದರ ಮೇಲೆ ಇದು ಕೂರುವುದೇ ಇಲ್ಲ. ತಮಾಷೆ ಏನೆಂದರೆ, ಹಾಲಿನವರ ಕಪ್ಪು ಸೈಕಲ್ಲಿಗೆ ಹಾಕುವ ಸಾದಾ 1/8 ಚೈನೇ ಇದಕ್ಕೆ ಸಾಕು. ಅದು ಅಲ್ಲೇ ಗೋಡೆಯ ಮೇಲೆ ನೇತಾಡುತ್ತಿರುತ್ತದೆ. ತೋರಿಸುವುದು ಮಾತ್ರ ಫಳಫಳ ಹೊಳೆಯುವ ಗೇರ್ ಚೈನ್. ಬೆಲೆ ಜಾಸ್ತಿ ಅಲ್ವಾ!

ಹಾಕುವಾಗ ಇನ್ನೊಂದು ಗೋಳು. ಸಡಿಲವನ್ನು ಎಳೆದುಕೊಳ್ಳುವ ಸ್ಪ್ರಿಂಗ್ ಇದರಲ್ಲಿಲ್ಲ. ಹಿಂದಿನ ಚಕ್ರವನ್ನೇ ಹಿಂದಕ್ಕೆ ಜರುಗಿಸಿ ಬಿಗಿ ಮಾಡಬೇಕು. ಒಂದು ಕಡೆ ನಟ್ ತಿರುಗಿಸಿದರೆ ಚಕ್ರ ಸೊಟ್ಟ. "ಸ್ವಲ್ಪ ಲೂಸ್ ಇದ್ರೆ ಏನಾಗುತ್ತೆ ಸಾರ್?"

ಪೆಡಲ್ ನಿಂತರೂ ಚಕ್ರ ತಿರುಗಲು ಬಿಡುವ ಫ್ರೀವೀಲೇ ಇಲ್ವಲ್ಲಪ್ಪ! ಚಕ್ರ ತಿರುಗಿದರೆ ಪೆಡಲೂ ತಿರುಗುತ್ತದೆ. ದೇವರಾಯನದುರ್ಗದ ಇಳಿಜಾರಿನಲ್ಲಿ ಚೈನ್ ಕಳಚಿದರೆ ಪೆಡಲನ್ನು ಕಾಲಿನಲ್ಲಿ ತಡೆದು ವೇಗ ಇಳಿಸುವುದೂ ಹೋಯಿತು. ಆಮೇಲೆ ಮುಂದಿನ ಬ್ರೇಕೇ ಗತಿ. ಸ್ಟೈಲಿಗೆ ಅಂತ ಅದನ್ನೂ ಬಿಚ್ಚಿಸಿಕೊಂಡು ಓಡಾಡುವ ಹುಡುಗರಿದ್ದಾರಲ್ಲ, ಅವರನ್ನು ನೋಡಿದರೆ ಅಂಗಡಿಯವನ ಮೇಲಿನ ಸಿಟ್ಟೇ ಮರೆತುಹೋಗುತ್ತದೆ.