ಸ್ಕ್ರಾಲ್‌ಬಾರ್‌ಗೆ ಒಂಚೂರು ಜಾಗ ಬಿಡೋಕೇನ್ರಿ ಕಷ್ಟ?

ಮೆನುವಿನಲ್ಲಿ ಒಂದು ಲಿಂಕ್ ಒತ್ತಿದರೆ ಪುಟ ಇಡಿಯಾಗಿ ಬಲಕ್ಕೆ ಹಾರುತ್ತೆ, ಇನ್ನೊಂದು ಒತ್ತಿದರೆ ಎಡಕ್ಕೆ. ಲೋಗೊ, ಹೆಡಿಂಗು, ಬಟನ್ನು ಯಾವುದೂ ನಿಂತಲ್ಲಿ ನಿಲ್ಲಲ್ಲ. ಇಂಥ ಸೈಟ್‌ಗಳನ್ನ ಇನ್ನೂ ಲೈವ್ ಮಾಡ್ತಾನೇ ಇದ್ದಾರಲ್ಲ, ಮೈ ಉರಿಯುತ್ತೆ.

ಕಾರಣ ಎಲ್ಲರಿಗೂ ಗೊತ್ತಿರೋದೇ. ವಿಂಡೋಸ್‌ನಲ್ಲಿ ಸ್ಕ್ರಾಲ್‌ಬಾರ್ ಸಾಮಾನ್ಯವಾಗಿ ಪುಟದ ಅಗಲದಲ್ಲೇ 15ರಿಂದ 17 ಪಿಕ್ಸೆಲ್ ತಿನ್ನುತ್ತೆ. 1366 ಅಗಲದ ಪರದೆಯಲ್ಲಿ ಉದ್ದ ಪುಟಕ್ಕೆ ಸಿಗೋದು 1349, ಸ್ಕ್ರಾಲ್‌ಬಾರೇ ಬೇಡದ ಗಿಡ್ಡ ಪುಟಕ್ಕೆ ಪೂರ್ತಿ 1366. ಮಾರ್ಜಿನ್ ಆಟೊ ಹಾಕಿ ನಡುವೆ ಕೂರಿಸಿದ್ದೆಲ್ಲ ಆ 17ರ ಅರ್ಧದಷ್ಟು, ಅಂದರೆ ಸುಮಾರು 8 ಪಿಕ್ಸೆಲ್, ಸರಿಯುತ್ತೆ. ಸರ್ಚ್ ಇರೋ ಪುಟದಲ್ಲಂತೂ ನೋಡೋಕಾಗಲ್ಲ. ಟೈಪ್ ಮಾಡ್ತಾ ಪಟ್ಟಿ ಚಿಕ್ಕದಾಗುತ್ತೆ, ಸ್ಕ್ರಾಲ್‌ಬಾರ್ ಮಾಯ, ಟೈಪ್ ಮಾಡ್ತಿರೋ ಬಾಕ್ಸೇ ಕರ್ಸರ್ ಸಮೇತ ಜರುಗುತ್ತೆ. ಬ್ಯಾಕ್‌ಸ್ಪೇಸ್ ಒತ್ತಿದರೆ ವಾಪಸ್!

ಇದಕ್ಕೆ ಬೇಕಿರೋದು ಸಿಎಸ್‌ಎಸ್‌ನಲ್ಲಿ (ಪುಟದ ರೂಪ ತೀರ್ಮಾನಿಸೋ ಕೋಡ್) ಒಂದೇ ಸಾಲು: ‘ಸ್ಕ್ರಾಲ್‌ಬಾರ್-ಗಟರ್: ಸ್ಟೇಬಲ್’ (scrollbar-gutter: stable), ಅಂದರೆ ಸ್ಕ್ರಾಲ್‌ಬಾರ್ ಇರಲಿ ಬಿಡಲಿ, ಅದರ ಜಾಗ ಕಾದಿಡು ಅಂತ. ಇಡೀ ಪುಟವನ್ನ ಸುತ್ತುವರಿದ ಎಚ್‌ಟಿಎಂಎಲ್ ಎಲಿಮೆಂಟಿಗೇ ಹಾಕಬೇಕು, ಅದರೊಳಗಿನ ಬಾಡಿ ಎಲಿಮೆಂಟಿಗೆ ಹಾಕಿದರೆ ಪುಟದ ಸ್ಕ್ರಾಲ್‌ಬಾರ್‌ಗೆ ಅದು ತಾಗೋದೇ ಇಲ್ಲ. ಕ್ರೋಮ್‌ನಲ್ಲಿ 2021ರಿಂದ, ಫೈರ್‌ಫಾಕ್ಸ್‌ನಲ್ಲಿ 2022ರಿಂದ ಇದೆ, ಸಫಾರಿಗೂ 18.2ರಲ್ಲಿ ಬಂತು. ಹಳೇ ಬ್ರೌಸರ್‌ನಲ್ಲೂ ಆಗಬೇಕಾ? ‘ಓವರ್‌ಫ್ಲೋ-ವೈ: ಸ್ಕ್ರಾಲ್’ ಹಾಕಿ. ಗಿಡ್ಡ ಪುಟದಲ್ಲಿ ಖಾಲಿ ಪಟ್ಟಿ ಕಾಣುತ್ತೆ, ಕಾಣಲಿ ಬಿಡಿ.

ಪಾಪ್‌ಅಪ್‌ಗಳದ್ದು ಇನ್ನೂ ಕೆಟ್ಟ ಕಥೆ. ತೆರೆದ ಕೂಡಲೇ, ಹಿಂದಿನ ಪುಟ ಸ್ಕ್ರಾಲ್ ಆಗದಿರಲಿ ಅಂತ, ಬಾಡಿ ಎಲಿಮೆಂಟಿಗೆ ‘ಓವರ್‌ಫ್ಲೋ: ಹಿಡನ್’ ಹಾಕ್ತಾರೆ, ಸ್ಕ್ರಾಲ್‌ಬಾರ್ ಹೋಗುತ್ತೆ, ಹಿಂದಿನ ಪುಟ ಕುಪ್ಪಳಿಸುತ್ತೆ. ಫಿಕ್ಸೆಡ್ ಹೆಡರಿನ (ಸ್ಕ್ರಾಲ್ ಮಾಡಿದರೂ ಮೇಲೇ ನಿಲ್ಲೋ ಪಟ್ಟಿ) ಬಲತುದಿಗೆ ಅಂಟಿಸಿದ ಲಾಗಿನ್ ಬಟನ್ ಅರ್ಧ ಅಲ್ಲ, ಪೂರ್ತಿ 17 ಪಿಕ್ಸೆಲ್ ಓಡುತ್ತೆ. ಪ್ಯಾಡಿಂಗ್, ಅಂದರೆ ಖಾಲಿ ಅಂಚು, ಸೇರಿಸಿ ತೇಪೆ ಹಾಕೋರು ಅದನ್ನ ಬಾಡಿ ಎಲಿಮೆಂಟಿಗೆ ಹಾಕಿ ಹೆಡರನ್ನ ಮರೆತುಬಿಡ್ತಾರೆ. ಗಟರ್ ಸ್ಟೇಬಲ್ ಇದ್ದರೆ ಹಿಡನ್ ಹಾಕಿದಾಗಲೂ ಜಾಗ ಹಾಗೇ ಉಳಿಯುತ್ತೆ. ಪಾಪ್‌ಅಪ್‌ನ ಮಬ್ಬು ಪರದೆ ಆ ಜಾಗದ ಮೇಲೆ ಬೀಳಲ್ಲ, ಬಲಕ್ಕೊಂದು ಪಟ್ಟಿ ಕಾಣುತ್ತೆ ನಿಜ. ಪುಟ ಹಾರೋದಕ್ಕಿಂತ ಅದು ಎಷ್ಟೋ ವಾಸಿ.

ಬ್ಯಾನರಿಗೆ 100ವಿಡಬ್ಲ್ಯೂ (100vw, ಬ್ರೌಸರ್ ಕಿಟಕಿಯ ಪೂರ್ತಿ ಅಗಲ) ಕೊಡೋರಿಗೂ ಒಂದು ಮಾತು. ಆ ಲೆಕ್ಕದಲ್ಲಿ ಸಾಮಾನ್ಯವಾಗಿ ಸ್ಕ್ರಾಲ್‌ಬಾರ್ ಕೂಡ ಸೇರಿರುತ್ತೆ, ಹಾಗಾಗಿ ಕೆಳಗೆ ಅಡ್ಡ ಸ್ಕ್ರಾಲ್‌ಬಾರ್ ಮೂಡುತ್ತೆ. ಅದನ್ನ ಮುಚ್ಚೋಕೆ ಹೊರಗಿನ ಡಿವ್‌ಗೆ (ಎಲ್ಲವನ್ನೂ ಸುತ್ತಿದ ಡಬ್ಬಿಗೆ) ‘ಓವರ್‌ಫ್ಲೋ-ಎಕ್ಸ್: ಹಿಡನ್’ ಜಡೀತಾರೆ, ಒಳಗೆ ಸ್ಕ್ರಾಲ್ ಮಾಡಿದರೂ ಅಂಟಿಕೊಂಡು ನಿಲ್ಲಬೇಕಿದ್ದ ಸ್ಟಿಕಿ ಸೈಡ್‌ಬಾರ್ ಕೈಕೊಡುತ್ತೆ. 100% ಅಂತ ಬರೆದಿದ್ದರೆ ಇಷ್ಟೆಲ್ಲ ಬೇಕಿತ್ತಾ?

ಮ್ಯಾಕ್‌ಬುಕ್ ಟ್ರ್ಯಾಕ್‌ಪ್ಯಾಡ್‌ನಲ್ಲಿ ಸ್ಕ್ರಾಲ್‌ಬಾರ್ ಪುಟದ ಮೇಲೆ ತೇಲುತ್ತೆ, ಜಾಗ ತಿನ್ನಲ್ಲ. ಅದಕ್ಕೇ ಮಾಡಿದವರ ಕಣ್ಣಿಗೆ ಇದ್ಯಾವುದೂ ಬೀಳೋದಿಲ್ಲ. ಸಿಸ್ಟಮ್ ಸೆಟ್ಟಿಂಗ್ಸ್, ಅಪಿಯರೆನ್ಸ್‌ಗೆ ಹೋಗಿ ‘ಶೋ ಸ್ಕ್ರಾಲ್ ಬಾರ್ಸ್’ ಅನ್ನೋದನ್ನ ‘ಆಲ್ವೇಸ್’ಗೆ ಇಡಿ. ಒಂದು ಉದ್ದ ಪುಟ, ಒಂದು ಗಿಡ್ಡ ಪುಟ, ಒಂದು ಪಾಪ್‌ಅಪ್ ತೆರೆದು ನೋಡಿ. ಆಮೇಲೆ ಬೇಕಿದ್ದರೆ ‘ನಮ್ಮ ಕಡೆ ಸರಿಯಾಗೇ ಇದೆ’ ಅಂತ ಬಗ್ ಕ್ಲೋಸ್ ಮಾಡಿ.